ಪದಚರ್ಚೆ: ಬ್ರೇಕಿನ ಕೀಚಲು, ಪ್ಯಾಡಿನ ಸವೆತ – ಫಲಕಕ್ಕೆ ಯಾವ ಮಾತು?

ಮಾನ್ಯರೇ,

ಬ್ರೇಕ್ ಬಗ್ಗೆ ಎಚ್ಚರಿಸುವ ಸಕಲೇಶಪುರದ ಗ್ಯಾರೇಜಿನ ಫಲಕಕ್ಕೆ ನಾಳೆ ಬೆಳಿಗ್ಗೆಯೊಳಗೆ ಮಾತು ಬೇಕೆಂದೂ, ಅದರಲ್ಲಿ ‘ಸವೆದ’ ಸರಿಯೋ ‘ಸವಕಲು’ ಸರಿಯೋ ಎಂದೂ ಕೇಳಿದವರಿಗೆ ಈ ಉತ್ತರ. ಇದೇ ಪ್ರಶ್ನೆಗೆ ಇಲ್ಲಿ ಹಿಂದೆ ಬಂದ ಉತ್ತರಗಳ ಕೆಲವು ಸಲಹೆಗಳನ್ನೂ ನೋಡಿದ್ದೇನೆ. ‘ಬ್ರೇಕ್ ಶಬ್ದ ಮಾಡಿದರೆ ಪ್ಯಾಡ್ ಬದಲಿಸಿ’ ಎಂಬ ನಿಮ್ಮ ಕರಡಿನಲ್ಲಿ ವ್ಯಾಕರಣದ ದೋಷವಿಲ್ಲ, ಆದರೆ ಅದು ಓದುಗನನ್ನು ದಾರಿ ತಪ್ಪಿಸುತ್ತದೆ. ‘ಶಬ್ದ’ ಎಂಬ ಒಂದೇ ಪದದ ಅಡಿಯಲ್ಲಿ ನೀವು ಮೂರು ಬೇರೆ ಸ್ಥಿತಿಗಳನ್ನು ಕೂಡಿಹಾಕಿದ್ದೀರಿ. ಅವುಗಳಲ್ಲಿ ಒಂದಕ್ಕೆ ಏನೂ ಮಾಡಬೇಕಾಗಿಲ್ಲ, ಒಂದಕ್ಕೆ ಪ್ಯಾಡನ್ನು ಪರೀಕ್ಷಿಸಬೇಕು, ಮತ್ತೊಂದಕ್ಕೆ ಗಾಡಿಯನ್ನೇ ನಿಲ್ಲಿಸಬೇಕು.

ಮೊದಲನೆಯದು ಮಳೆಗಾಲದ ಬೆಳಿಗ್ಗೆಯದು. ರಾತ್ರಿಯೆಲ್ಲ ಹೊರಗೆ ನಿಂತ ಕಾರಿನ ಬೀಡುಕಬ್ಬಿಣದ ಡಿಸ್ಕಿನ (ಚಕ್ರದೊಡನೆ ತಿರುಗುವ, ಬ್ರೇಕ್ ಒತ್ತಿದಾಗ ಪ್ಯಾಡುಗಳು ಎರಡೂ ಕಡೆಯಿಂದ ಅಮುಕಿ ಹಿಡಿಯುವ ದುಂಡು ಬಿಲ್ಲೆಯ) ಮೇಲೆ ತೆಳುವಾದ ಕೆಂಪು ತುಕ್ಕು ಹಿಡಿದಿರುತ್ತದೆ. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಒಂದೆರಡು ಸಲ ಕಿರ್ರೆಂದು, ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪ್ಯಾಡೇ ಆ ತುಕ್ಕನ್ನು ಒರೆಸಿಹಾಕಿ, ಸದ್ದು ತಾನಾಗಿ ಅಡಗುತ್ತದೆ. ಇದಕ್ಕೆ ‘ಕಿರುಗುಟ್ಟು’ ಸಾಕು. ಹಳೆಯ ಬಾಗಿಲಿಗೆ ನಾವು ಬಳಸುವ ಕ್ರಿಯಾಪದವೇ ಅದು.

ಎರಡನೆಯದು ಒಣಹವೆಯಲ್ಲಿಯೂ ಬಿಡದೆ, ಬ್ರೇಕ್ ಒತ್ತಿದಾಗಲೆಲ್ಲ ಕೀಂಯ್ ಎಂದು ಎಳೆಯುವ ಸದ್ದು. ಪ್ಯಾಡ್ ಡಿಸ್ಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅದುರುವುದರಿಂದ ಅದು ಹುಟ್ಟುತ್ತದೆಯಾದರೂ ಕಿವಿಗೆ ಒಂದೇ ಎಳೆಯಾಗಿ ಕೇಳಿಸುತ್ತದೆ. ಆದ್ದರಿಂದಲೇ ಇಲ್ಲಿ ‘ಕಿರುಗುಟ್ಟು’ ಸಲ್ಲದು. ಪಿಸುಗುಟ್ಟು, ಗುನುಗುಟ್ಟು, ಲೊಚಗುಟ್ಟು ಎಂಬಲ್ಲೆಲ್ಲ ಬರುವ ಉತ್ತರಪದವನ್ನು ನಾನು ‘ಕುಟ್ಟು’ ಎಂದೇ ಓದುತ್ತೇನೆ. ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವಾಗ ಕಕಾರಕ್ಕೆ ಗಕಾರ ಬಂದಂತೆ ಇಲ್ಲಿಯೂ ಬಂದಿದೆ, ಮತ್ತು ಕುಟ್ಟುವುದರಲ್ಲಿ ಬಿಟ್ಟು ಬಿಟ್ಟು ಬೀಳುವ ಪೆಟ್ಟು ಇದ್ದೇ ಇದೆ. ಈ ‘ಗುಟ್ಟಿಗೂ’ ರಹಸ್ಯಕ್ಕೂ ನಂಟು ಕಲ್ಪಿಸಿದ ಹಿಂದಿನ ಉತ್ತರ ಚರ್ಚೆಗೆ ಯೋಗ್ಯವಲ್ಲ. ಎಳೆಯಾಗಿ ಬರುವ ಸದ್ದಿಗೆ ‘ಕೀಚಲು’ ಎಂಬ ಪದವಿದೆ. ಕೀಚಲು ದನಿಯೆಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಕೀಚಲು ಬಂದ ಮಾತ್ರಕ್ಕೆ ಪ್ಯಾಡ್ ಮುಗಿಯಿತೆಂದಲ್ಲ. ಶಿರಾಡಿ ಘಾಟಿಯನ್ನು ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡಿನ ಮೇಲ್ಮೈ ಕಾದು, ಗಟ್ಟಿಯಾಗಿ, ಗಾಜಿನಂತೆ ನುಣುಪಾಗುತ್ತದೆ. ದಪ್ಪವಿದ್ದರೂ ಅಂಥ ಪ್ಯಾಡ್ ಕೀಚಲು ಸದ್ದು ಮಾಡುತ್ತದೆ. ಆದರೆ ಹಲವು ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ಪಟ್ಟಿಯನ್ನು ಬಾಗಿಸಿ ಕೂರಿಸಿರುತ್ತಾರೆ. ತಿಕ್ಕುವ ಪದರ ಸವೆದು 2–3 ಮಿ.ಮೀ.ಗೆ ಇಳಿದಾಗ ಆ ಪಟ್ಟಿ ಡಿಸ್ಕಿಗೆ ತಗುಲಿ, ಕೇಳಲೇಬೇಕಾದಂತೆ ಕೀಚಲು ಸದ್ದು ಹೊರಡಿಸುತ್ತದೆ. ಇದಕ್ಕೆ ಮೆಕ್ಯಾನಿಕ್ಕುಗಳು ಇಂಡಿಕೇಟರ್ ಎನ್ನುತ್ತಾರೆ. ನಾನಾದರೆ ‘ನಾಲಗೆ’ ಎನ್ನುತ್ತೇನೆ: ಗಂಟೆಯ ನಾಲಗೆ ನಮ್ಮಲ್ಲಿ ಮೊದಲಿನಿಂದಲೂ ಇದೆ, ಇದರ ಕೆಲಸವೂ ಅದೇ.

ಮೂರನೆಯದು ‘ಗರಗರ’. ಪದರವೆಲ್ಲ ಮುಗಿದು ಹಿಂಬದಿಯ ಉಕ್ಕಿನ ತಟ್ಟೆಯೇ ಡಿಸ್ಕನ್ನು ಕೆರೆಯುವ ಸದ್ದು ಇದು. ನನ್ನ ಕಾರಿನ ಜೊತೆ ಬಂದ ಕನ್ನಡ ಕೈಪಿಡಿಯಲ್ಲಿ ಕೀಚಲಿಗೂ ಗರಗರಕ್ಕೂ ‘ಅಸಹಜ ಶಬ್ದ’ ಎಂದೇ ಅನುವಾದಿಸಿದ್ದರು. ಬೆಳಗಿನ ಕಿರುಗುಟ್ಟುವಿಕೆಯನ್ನೂ ಅದೇ ಅಸಹಜವೆಂದು ತೋರಿಸಲು ಹೋಗಿ ಏನೂ ಇಲ್ಲವೆನಿಸಿಕೊಂಡು ಬಂದಿದ್ದ ನಾನು, ಮುಂದೆ ನಿಜವಾದ ಗರಗರ ಬಂದಾಗಲೂ ಎರಡು ವಾರ ಸುಮ್ಮನಿದ್ದೆ. ಚಕ್ರ ಬಿಚ್ಚಿದಾಗ ಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಮೆಕ್ಯಾನಿಕ್ ಹಳೆಯ ಪ್ಯಾಡನ್ನೂ ಹೊಸದನ್ನೂ ನನ್ನ ಅಂಗೈ ಮೇಲಿಟ್ಟರು: ಹೊಸದರಲ್ಲಿ ಕಪ್ಪು ಪದರ ಹತ್ತು ಮಿ.ಮೀ. ಮೀರಿತ್ತು, ಹಳೆಯದರಲ್ಲಿ ಬರೀ ತಟ್ಟೆ ಹೊಳೆಯುತ್ತಿತ್ತು. ಪ್ಯಾಡಿನಲ್ಲಿ ಮುಗಿಯಬೇಕಾದ ಖರ್ಚು ಎರಡು ಡಿಸ್ಕುಗಳವರೆಗೂ ಹೋಯಿತು. ಅನುವಾದಕರು ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದೆಂದು ಬರೆಯುತ್ತಿದ್ದೇನೆ.

ಇನ್ನು ಭಾಗಗಳ ಹೆಸರು. ಬ್ರೇಕಿಗೆ ‘ಗತಿರೋಧಕ’ ಬೇಡ. ಅದನ್ನು ಓದಿದವರ ಕಣ್ಣಿಗೆ ರಸ್ತೆಯ ಉಬ್ಬು ಬರುತ್ತದೆ. ಗಾಡಿ ಹೊಡೆಯುವವರ ಬಾಯಿಂದ ‘ಬಿರಿ ಹಾಕು’ ಎಂಬುದನ್ನು ನಾನೂ ಕೇಳಿದ್ದೇನೆ, ಆ ಮಾತಿನ ಬಗ್ಗೆ ಗೌರವವಿದೆ. ಆದರೆ ಸವೆತವನ್ನು ಕುರಿತು ಎಚ್ಚರಿಸುವ ಫಲಕದಲ್ಲಿ ‘ಬಿರಿ’ ಎಂದು ಬರೆದರೆ ಓದುವವರು ಬ್ರೇಕ್ ಎಂಬ ನಾಮಪದವೋ ಬಿರುಕು ಬಿಡು ಎಂಬ ಕ್ರಿಯಾಪದವೋ ಎಂದು ತಡವರಿಸುತ್ತಾರೆ. ಪ್ಯಾಡಿಗೆ ‘ಒರಸುಬಿಲ್ಲೆ’ ಎಂದು ಸೂಚಿಸಿದವರು ಚಕ್ರ ಬಿಚ್ಚಿ ನೋಡಿದಂತಿಲ್ಲ. ಅಲ್ಲಿ ಬಿಲ್ಲೆಯಂತೆ ದುಂಡಗಿರುವುದು ಡಿಸ್ಕು, ಪ್ಯಾಡಲ್ಲ. ಅಂಗಡಿಯಲ್ಲಿ ಕೇಳಿ ಕೊಳ್ಳುವ ವಸ್ತುವಿಗೆ ಅಂಗಡಿಯ ಹೆಸರೇ ಇರಲಿ, ಕಿವಿ ಕೇಳುವುದಕ್ಕೂ ಕೈ ಮಾಡುವುದಕ್ಕೂ ಕನ್ನಡದ ಧಾತುವೇ ಇರಲಿ ಎಂಬುದು ನನ್ನ ನಿಲುವು. ಎರವಲಿನಿಂದ ಭಾಷೆ ಕೆಡುತ್ತದೆ ಎನ್ನುವವರು ‘ಅಸಹಜ ಶಬ್ದ’ದಲ್ಲಿ ಎರಡೂ ಪದಗಳು ಸಂಸ್ಕೃತದಿಂದ ಬಂದವೆಂಬುದನ್ನು ಗಮನಿಸಲಿ, ಪ್ಯಾಡ್ ಎಂದರೇನೆಂದು ಹೊಸಬನೂ ಕೇಳಿ ತಿಳಿಯುತ್ತಾನೆ, ‘ಅಸಹಜ ಶಬ್ದ’ವನ್ನು ಓದಿ ಅವನಿಗೆ ಏನೂ ತಿಳಿಯುವುದಿಲ್ಲ. ಹಿಂಚಕ್ರದಲ್ಲಿ ಡಿಸ್ಕಿನ ಬದಲು ಡ್ರಮ್ (ಡಬ್ಬಿಯಂಥ ಟೊಳ್ಳು ಭಾಗ) ಇರುವ ಕಾರುಗಳಲ್ಲಿ ಆ ಚಕ್ರಕ್ಕೆ ಪ್ಯಾಡ್ ಬದಲು ಲೈನರ್ (ಡ್ರಮ್ಮಿನ ಒಳಮೈಯನ್ನು ತಿಕ್ಕುವ ಪದರ) ಇರುತ್ತದೆ. ಜಾಗವಿದ್ದರೆ ಆ ಪದವನ್ನೂ ಸೇರಿಸಿ.

‘ಸವೆದ’ ಎನ್ನಬೇಕೋ ‘ಸವಕಲು’ ಎನ್ನಬೇಕೋ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಪ್ಯಾಡ್ ಮೊದಲ ದಿನದಿಂದಲೇ ಸವೆಯುತ್ತಿರುತ್ತದೆ, ಆದ್ದರಿಂದ ‘ಸವೆದ ಪ್ಯಾಡ್ ಬದಲಿಸಿ’ ಎಂದರೆ ಯಾವಾಗ ಎಂಬುದು ಉಳಿದುಬಿಡುತ್ತದೆ. ಸವಕಲು ನಾಣ್ಯದಂತೆ ಇನ್ನು ಚಲಾವಣೆಗೆ ಬಾರದ ಹಂತವನ್ನು ‘ಸವಕಲು’ ಹೇಳುತ್ತದೆ, ಆದರೆ ಅಲ್ಲಿಯವರೆಗೆ ಕಾಯುವುದು ಅಪಾಯ. ಅಂಕಿಯನ್ನೇ ಬರೆಯಿರಿ. ಒಂದೇ ಚಕ್ರದ ಪ್ಯಾಡ್ ಬದಲಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯಬಹುದಾದ್ದರಿಂದ ‘ಎರಡೂ ಬದಿ’ ಎಂಬುದನ್ನು ಬಿಡಬೇಡಿ.

ಫಲಕಕ್ಕೆ ನಾನು ಸೂಚಿಸುವ ಮಾತು ಹೀಗಿದೆ:

‘ಬ್ರೇಕ್ ಒತ್ತಿದಾಗಲೆಲ್ಲ ಕೀಚಲು ಸದ್ದು ಬಂದರೆ ಪ್ಯಾಡ್ ತೋರಿಸಿ. ಸವೆದು 3 ಮಿ.ಮೀ.ಗೆ ಬಂದಿದ್ದರೆ ಎರಡೂ ಬದಿ ಬದಲಿಸಿ. ಗರಗರ ಎಂದರೆ ಗಾಡಿ ನಿಲ್ಲಿಸಿ, ಘಾಟಿ ಇಳಿಯಬೇಡಿ.’

ಫಲಕ ಬರೆಯುವವರಿಗೆ ‘ಕೀ’ಯ ದೀರ್ಘವನ್ನು ಬಿಡಬಾರದೆಂದು ಹೇಳಿ.