ಸಪ್ಲೈ ಹಡಗಲ್ಲಿ ಮೊದಲ ಸಲ: ವಾಂತಿ, ಡೆಕ್ಕು, ಕಾಗದಪತ್ರ

ಯಶವಂತಪುರ_ಓಎಸ್
ಜಿಪಿ ರೇಟಿಂಗ್ (ಹಡಗಿನ ಸಾಮಾನ್ಯ ಕೆಲಸಗಾರರ ತರಬೇತಿ) ಮುಗೀತು. ಮುಂದಿನ ತಿಂಗಳು ಮುಂಬೈಯಲ್ಲಿ ಸಪ್ಲೈ ಹಡಗು (ಕಡಲಿನ ತೈಲ ಪ್ಲಾಟ್‌ಫಾರ್ಮಿಗೆ ಸಾಮಾನು ಒಯ್ಯೋದು) ಹತ್ತಬೇಕು, ಟ್ರೈನಿ ಓಎಸ್ (ಆರ್ಡಿನರಿ ಸೀಮನ್, ಡೆಕ್ಕಿನ ಕೆಳಹಂತದ ನಾವಿಕ). ಆಮೇಲೆ ಪಶ್ಚಿಮ ಆಫ್ರಿಕಾ ಕಡೆ ಹೋಗುತ್ತಂತೆ. ವಾಂತಿಗೆ ಏನು ಮಾಡೋದು? ಡೆಕ್ ಮೇಲೆ ಯಾವುದಕ್ಕೆ ಹೆದರಬೇಕು? ಏನೇನು ಒಯ್ಯಲಿ?

ಕಡಲಹಕ್ಕಿ
ದೊಡ್ಡ ಸರಕು ಹಡಗಲ್ಲಿ ಸಾಮಾನ್ಯವಾಗಿ ಕ್ಯಾಬಿನ್ ಹಿಂದೆ. ಸಪ್ಲೈ ಹಡಗಲ್ಲಿ ಉಲ್ಟಾ: ಕ್ಯಾಬಿನ್, ಮೆಸ್, ಬ್ರಿಡ್ಜ್ ಎಲ್ಲ ಮೂತಿಯಲ್ಲಿ, ಹಿಂದೆ ಬಟಾಬಯಲು ಡೆಕ್. ಹಂಪ್ ಹಾರಿದಾಗ ಬಿಎಂಟಿಸಿ ಕೊನೇ ಸೀಟಿನವರ ಗತಿಯೇ ಮೂತಿಯಲ್ಲಿ ಮಲಗಿದವರಿಗೂ.

ಮಾತ್ರೆ (ಸಿನ್ನರಿಜಿನ್ ಅಥವಾ ಮೆಕ್ಲಿಜಿನ್, ಡಾಕ್ಟರನ್ನ ಕೇಳಿ) ಹಡಗು ಬಿಡೋ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಹೊಟ್ಟೇಲಿ ನಿಲ್ಲಲ್ಲ. ತೂಕಡಿಕೆ ಬರುತ್ತೆ, ಬೋಸನ್‌ಗೆ (ಡೆಕ್ ಕೆಲಸಗಾರರ ಮೇಸ್ತ್ರಿ) ಹೇಳದೆ ಡೆಕ್ಕಿಗೆ ಇಳೀಬೇಡಿ. ಖಾಲಿ ಹೊಟ್ಟೆ ಇನ್ನೂ ಕೆಟ್ಟದು. ಅಯ್ಯಂಗಾರ್ ಬೇಕರಿ ರಸ್ಕ್ ನಾಲ್ಕು ಪ್ಯಾಕೆಟ್ ಬ್ಯಾಗಲ್ಲಿರಲಿ, ನೀರು ಗುಟುಕು ಗುಟುಕಾಗಿ. ಎರಡು ಮೂರು ದಿನಕ್ಕೆ ಬಹಳ ಜನಕ್ಕೆ ಒಗ್ಗುತ್ತೆ.

ರಾತ್ರಿ ಹೊರಳಿ ಬೀಳದ ಹಾಗೆ ಹಾಸಿಗೆಯ ಹೊರ ಅಂಚಿನಡಿ ಲೈಫ್ ಜಾಕೆಟ್ ತುರುಕಿ. ಹಾಸಿಗೆ ಗೋಡೆ ಕಡೆ ವಾಲುತ್ತೆ, ಆ ಸಂದಿಯಲ್ಲಿ ಮಲಗಿ.

ಹಗ್ಗದಗಂಟು
ಹೆದರಬೇಕಾದ್ದು ಆ ಬಯಲು ಡೆಕ್ಕಿಗೇ. ನೀರಿನ ಮಟ್ಟಕ್ಕಿಂತ ಹೆಚ್ಚೇನೂ ಎತ್ತರ ಇರಲ್ಲ, ಅಲೆ ನೇರ ಮೇಲೆ ಬರುತ್ತೆ. ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ.

ತೈಲ ಪ್ಲಾಟ್‌ಫಾರ್ಮ್ ಸುತ್ತ 500 ಮೀಟರ್ ಸುರಕ್ಷತಾ ವಲಯ. ಒಳಗೆ ಹೋದ ಮೇಲೆ ಹಡಗು ಡಿಪಿಯಲ್ಲಿ (ಲಂಗರಿಲ್ಲದೆ ಕಂಪ್ಯೂಟರೇ ಎಂಜಿನ್ ನಡೆಸಿ ಒಂದೇ ಜಾಗದಲ್ಲಿ ಹಿಡಿದಿಡೋ ವ್ಯವಸ್ಥೆ) ನಿಲ್ಲುತ್ತೆ, ಕ್ರೇನಿನ ಕೊಕ್ಕೆ ಇಳಿಯುತ್ತೆ. ಕಂಟೇನರಿನ ಸರಪಣಿಗೆ ಕೊಕ್ಕೆ ಹಾಕಿ, ಕ್ರ್ಯಾಶ್ ರೇಲ್ (ಡೆಕ್ ಅಂಚಿನ ಗಟ್ಟಿ ಕಬ್ಬಿಣದ ತಡೆ) ಹಿಂದೆ ಸರಿದ ಮೇಲೇ ಎತ್ತೋ ಸನ್ನೆ. ಈ ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು: ಕ್ರೇನ್ ಎಳೆಯೋ ಹೊತ್ತಿಗೇ ಅಲೆ ಇಳಿದರೆ ಡೆಕ್ ಕೆಳಗೆ ಕುಸಿದು ಕಂಟೇನರ್ ತಟ್ಟನೆ ಗಾಳಿಗೇರಿ ತೂಗಾಡುತ್ತೆ. ಎರಡು ಕಂಟೇನರ್ ಮಧ್ಯೆ ನಿಂತವನಿಗೆ ಓಡೋಕೆ ಜಾಗ ಇರಲ್ಲ. ಟ್ಯಾಗ್ ಲೈನ್ (ತೂಗೋ ಸರಕನ್ನ ತಿರುಗದಂತೆ ಹಿಡಿಯೋ ಹಗ್ಗ) ಕೈಗೆ ಸುತ್ತಿಕೊಳ್ಳಬೇಡಿ, ಬರೀ ಹಿಡಿದಿರಿ.

ಸಿಮೆಂಟ್, ಬ್ಯಾರೈಟ್ (ಬಾವಿ ಕೊರೆಯುವಾಗ ಬಳಸೋ ಭಾರದ ಖನಿಜ) ಪುಡಿಯನ್ನ ಗಾಳಿ ಒತ್ತಡದಲ್ಲಿ ಪೈಪಲ್ಲಿ ಊದ್ತಾರೆ. ಮಧ್ಯೆ ಕಟ್ಟಿಕೊಂಡಾಗ ಹೋಸ್ ನೋಡೋಕೆ ಸುಮ್ಮನೆ ಬಿದ್ದಿರುತ್ತೆ, ಒಳಗೆ ಒತ್ತಡ ಹಾಗೇ ಇರುತ್ತೆ. ಗಾಳಿ ಪೂರ್ತಿ ಬಿಡದೆ ಜೋಡಣೆ ಬಿಚ್ಚಿದರೆ ಹೋಸ್ ಹಾವಿನ ಥರ ಬಡಿಯುತ್ತೆ. ಬಂದರಲ್ಲಿ ಬಿಗಿದ ನೈಲಾನ್ ಹಗ್ಗದ ನೇರಕ್ಕೂ ನಿಲ್ಲಬೇಡಿ. ಹಿಗ್ಗಿದ ಹಗ್ಗ ತುಂಡಾದರೆ ವಾಪಸ್ ಚಿಮ್ಮೋದು ಕಣ್ಣಿಗೂ ಕಾಣಲ್ಲ.

ಮಲ್ಲೇಶ್ವರಂ_ಎಂಜಿನ್
ಬಾಯ್ಲರ್ ಸೂಟ್, ಹೆಲ್ಮೆಟ್, ಸೇಫ್ಟಿ ಶೂ ಸಾಮಾನ್ಯವಾಗಿ ಕಂಪನಿಯದು. ಅಳತೆ ಬರೆದು ಕಳಿಸಿ, ಎಸ್‌ಜೆಪಿ ರಸ್ತೇಲಿ ದುಡ್ಡು ಸುರೀಬೇಡಿ. ಚಟ್ನಿಪುಡಿ ಒಯ್ಯಿರಿ.

ಪಾಸ್‌ಪೋರ್ಟ್, ಸಿಡಿಸಿ (ನಾವಿಕರ ಗುರುತು ಮತ್ತು ಸೇವಾ ಪುಸ್ತಕ), ಎಸ್‌ಟಿಸಿಡಬ್ಲ್ಯು (ಅಂತರರಾಷ್ಟ್ರೀಯ ನಾವಿಕ ತರಬೇತಿ) ಸರ್ಟಿಫಿಕೇಟ್, ಮೆಡಿಕಲ್, ಎಲ್ಲದರ ಒರಿಜಿನಲ್ ಕೈಚೀಲದಲ್ಲೇ ಇರಲಿ. ಹಳದಿ ಜ್ವರದ ಲಸಿಕೆ ಇವತ್ತೇ ವಿಚಾರಿಸಿ: ಚುಚ್ಚಿದ 10 ದಿನದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತೆ, ಆಮೇಲೆ ಜೀವನಪೂರ್ತಿ ಸಾಕು. ಕಾರ್ಡ್ ಇಲ್ಲದೆ ಹಳದಿ ಜ್ವರ ಇರೋ ದೇಶಗಳಿಂದ ವಾಪಸ್ ಬಂದರೆ ಇಲ್ಲಿ 6 ದಿನದವರೆಗೂ ಕ್ವಾರಂಟೈನ್. ಏಜೆಂಟನ ಆರ್‌ಪಿಎಸ್‌ಎಲ್ (ನಾವಿಕರನ್ನ ಕೆಲಸಕ್ಕೆ ಸೇರಿಸೋ ಲೈಸೆನ್ಸ್) ನಂಬರನ್ನ ಡಿಜಿ ಶಿಪ್ಪಿಂಗ್ (ಹಡಗು ಸಾರಿಗೆಯ ಸರ್ಕಾರಿ ಇಲಾಖೆ) ವೆಬ್‌ಸೈಟಲ್ಲಿ ನೋಡಿ. ಕೆಲಸ ಕೊಡಿಸೋಕೆ ದುಡ್ಡು ಕೇಳಿದರೆ ಅದೇ ತಪ್ಪು.

ಯಶವಂತಪುರ_ಓಎಸ್
ಆರು ಗಂಟೆ ಕೆಲಸ, ಆರು ಗಂಟೆ ಬಿಡುವು ಅಂದಿದ್ದಾರೆ. ಸರೀನಾ?

ಹಗ್ಗದಗಂಟು
ಈ ಹಡಗುಗಳಲ್ಲಿ ಅದು ಮಾಮೂಲಿ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ಎರಡಕ್ಕಿಂತ ಹೆಚ್ಚು ತುಂಡಾಗಬಾರದು, ಒಂದು ತುಂಡು 6 ಗಂಟೆ ಇರಲೇಬೇಕು, ವಾರಕ್ಕೆ ಕನಿಷ್ಠ 77 ಗಂಟೆ. ಬಿಡುವಿನಲ್ಲಿ ಎಬ್ಬಿಸಿ ಕೆಲಸಕ್ಕೆ ಹಚ್ಚಿದರೆ ಈ ಲೆಕ್ಕ ತಪ್ಪುತ್ತೆ. ತಿಂಗಳ ಕೊನೆಗೆ ರೆಸ್ಟ್ ಅವರ್ಸ್ ಹಾಳೆ ಓದಿ ಸಹಿ ಹಾಕು ತಮ್ಮಾ, ಪ್ರತಿ ಕೇಳಿ ಇಟ್ಟುಕೋ.