ಅಜ್ಜಿಯ ಬಗ್ಗೆ ಮಗಳಿಗೆ ಏನು ಹೇಳಲಿ?

ಕಟಪಾಡಿಯ ಮಗಳು, ಲಂಡನ್
ಎಲ್ಲರಿಗೂ ನಮಸ್ಕಾರ. ಅಮ್ಮ ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷ. ಊರಿನ ಮಹಿಳಾ ಮಂಡಲದವರು ಸಣ್ಣ ಕಾರ್ಯಕ್ರಮ ಇಟ್ಟಿದ್ದಾರೆ. ನನಗೆ ರಜೆ ಸಿಗಲಿಲ್ಲ. ವಿಡಿಯೋದಲ್ಲಾದರೂ ನೀನೂ ಮಗಳೂ ಮಾತಾಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಮಗಳಿಗೆ ಒಂಬತ್ತು ವರ್ಷ. ಅಜ್ಜಿಯನ್ನು ನೋಡಿದ್ದು ನಾಲ್ಕೇ ಸಲ. ಕನ್ನಡ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಅಜ್ಜಿ ಏನು ಕೆಲಸ ಮಾಡ್ತಿದ್ರು ಅಂತ ಕೇಳಿದಳು. ಸಮಾಜಸೇವೆ ಅಂದೆ. ಹಾಗಂದ್ರೆ? ಅಂದಳು. ನನಗೆ ಹೇಳಲು ಬರಲಿಲ್ಲ.

ಅಮ್ಮನಿಗೆ ಸಂಬಳ ಇರಲಿಲ್ಲ, ಆಫೀಸು ಇರಲಿಲ್ಲ. ಪಕ್ಕದ ಶಂಕರಪುರದ ಮಲ್ಲಿಗೆ ನಿಮಗೆಲ್ಲ ಗೊತ್ತಲ್ಲ. ಬೆಳಿಗ್ಗೆಯೇ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಮ್ಮ ಹೂ ಕಟ್ಟುವವರ ಜಗಲಿಗೆ ಹೋಗಿ ತಾನೂ ಕಟ್ಟುತ್ತಾ ಕೂರುತ್ತಿದ್ದಳು. ಕೈ ಕೆಲಸದಲ್ಲಿದ್ದರೆ ಹೆಂಗಸರಿಗೆ ಕಷ್ಟ ಹೇಳಿಕೊಳ್ಳಲು ಸುಲಭ ಅನ್ನುತ್ತಿದ್ದಳು. ಯಾರಿಗೋ ವಿಧವಾ ವೇತನ ನಿಂತಿದೆ. ಬೀಡಿ ಕಟ್ಟುವ ಇನ್ಯಾರದೋ ಪುಸ್ತಕದಲ್ಲಿ, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಲೆಕ್ಕ ಸರಿಯಾಗಿ ಬರೆದಿಲ್ಲ, ಪಿಎಫ್ ಸಿಗುವುದಿಲ್ಲ. ಅಮ್ಮ ಚೀಲದಿಂದ ಫಾರಂ ತೆಗೆಯುತ್ತಿದ್ದಳು. ಬರೆಯಲು ಬಾರದವರ ಹೆಬ್ಬೆರಳು ಹಿಡಿದು ಒತ್ತಿಸಿ, ಶಾಯಿಯನ್ನು ತನ್ನ ಸೆರಗಿನಲ್ಲೇ ಒರೆಸುತ್ತಿದ್ದಳು. ಅವಳ ಎಲ್ಲ ಸೀರೆಯ ಸೆರಗಲ್ಲೂ ನೀಲಿ ಕಲೆ.

ಇದನ್ನೆಲ್ಲ ಮಗಳಿಗೆ ಹೇಳಬಹುದು. ಆದರೆ ನನ್ನೊಳಗೆ ಇನ್ನೊಂದು ಉಂಟು. ಶಾಲೆಯಿಂದ ಬಂದರೆ ಬಾಗಿಲಿಗೆ ಬೀಗ. ಕೀ ತುಳಸಿಕಟ್ಟೆಯ ಗೂಡಿನಲ್ಲಿ. ಮುಚ್ಚಿಟ್ಟ ಅನ್ನ, ತಣ್ಣಗಾದ ಸಾರು. ನನಗೆ ಜ್ವರ ಬಂದ ರಾತ್ರಿ ಅಮ್ಮ ಯಾರದೋ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಳು. ಊರಿಗೆಲ್ಲ ಅಮ್ಮ, ನನಗೆ ಮಾತ್ರ ಸ್ವಲ್ಪ ಕಡಿಮೆ ಅಂತ ಅನ್ನಿಸುತ್ತಿತ್ತು. ಇದನ್ನು ಮಗಳಿಗೆ ಹೇಳಲಾ, ಬಿಡಲಾ? ಅವಳಿಂದ ಏನು ಮಾತಾಡಿಸಲಿ? ಅಮ್ಮನ ಲೆಕ್ಕದ ಪುಸ್ತಕಗಳೂ ಒಂದು ಪೆಟ್ಟಿಗೆ ತುಂಬ ಇವೆ. ಅಪ್ಪ ಏನು ಮಾಡಲಿ ಅಂತ ಕೇಳುತ್ತಿದ್ದಾರೆ.

ಕೊಡಿಯಾಲಬೈಲಿನವ, ನ್ಯೂಜೆರ್ಸಿ
ಓದಿ ಕಣ್ಣು ಒದ್ದೆ ಆಯ್ತು ತಂಗಿ. ನಮ್ಮ ಮಂಗಳೂರಿನಲ್ಲಿ ಇಂಥ ಜೀವಗಳಿಗೆ ಯಾವತ್ತೂ ಬರ ಇರಲಿಲ್ಲ. ಕುದ್ಮುಲ್ ರಂಗರಾಯರ ಕಥೆ ಮಗಳಿಗೆ ಹೇಳಿ. ದಲಿತರ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ಅವರ ಮಗಳು ರಾಧಾಬಾಯಿ ಸುಬ್ಬರಾಯನ್ 1930ರಲ್ಲಿ ನಿಮ್ಮ ಲಂಡನ್ನಿಗೇ ಬಂದಿದ್ದರು, ದುಂಡುಮೇಜಿನ ಪರಿಷತ್ತಿಗೆ. ಅಲ್ಲಿ ಭಾರತದಿಂದ ಇದ್ದದ್ದು ಇಬ್ಬರೇ ಹೆಂಗಸರು. ರಾಧಾಬಾಯಿಯೂ ತಾಯಿಯೇ. ಒಬ್ಬ ಮಗ ಭೂಸೇನೆಯ ಮುಖ್ಯಸ್ಥ, ಒಬ್ಬರು ಕೇಂದ್ರ ಮಂತ್ರಿ, ಮಗಳು ಪಾರ್ವತಿ ಕೃಷ್ಣನ್ ಸಂಸದೆ ಆಗಿದ್ದರು. ಸೇವೆ ಮಾಡಿದವರ ಮಕ್ಕಳು ಕೆಡುವುದಿಲ್ಲ. ನನ್ನ ಮಗನೂ ಇಲ್ಲಿ ಪ್ರತಿ ಶನಿವಾರ ಅನ್ನ ಬಡಿಸಲು ಹೋಗುತ್ತಾನೆ. ನಾವು ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡುವುದೇ ಇಲ್ಲ, ಅದರ ಫಲ.

ಮಣಿಪಾಲದ ಅಕ್ಕ, ಮೆಲ್ಬೋರ್ನ್
ಭಾಷಣ ಬರೆದುಕೊಡಬೇಡಿ, ಮಗು ಬಾಯಿಪಾಠ ಒಪ್ಪಿಸಿದ ಹಾಗೆ ಆಗುತ್ತದೆ. ಪ್ರಶ್ನೆ ಕೇಳಲು ಬಿಡಿ. ನಮ್ಮ ಅತ್ತೆ ತೀರಿಕೊಂಡಾಗ ನಾವು ಹಾಗೇ ಮಾಡಿದೆವು. ಕಾರ್ಯಕ್ರಮಕ್ಕೆ ಮೊದಲೇ ಅಮ್ಮನ ಜೊತೆ ಇದ್ದ ನಾಲ್ಕೈದು ಹೆಂಗಸರಿಗೆ ವಾರಕ್ಕೊಬ್ಬರಂತೆ ಫೋನ್ ಮಾಡಿ. ಮಗಳು ಒಂದೇ ಪ್ರಶ್ನೆ ಕೇಳಲಿ: ಅಜ್ಜಿಯನ್ನು ಮೊದಲು ನೋಡಿದ್ದು ಯಾವಾಗ? ಅವರು ತುಳುವಿನಲ್ಲಿ ಹೇಳಿದರೂ ಪರವಾಗಿಲ್ಲ, ರೆಕಾರ್ಡ್ ಮಾಡಿ. ಕಾರ್ಯಕ್ರಮದ ದಿನ ಮಗಳು ಕೇಳಿಸಿಕೊಂಡದ್ದನ್ನೇ ತನ್ನ ಕನ್ನಡದಲ್ಲಿ ಹೇಳಲಿ. ಎರಡು ನಿಮಿಷ ಸಾಕು.

ಪುಸ್ತಕಗಳನ್ನು ಅಪ್ಪ ಯಾರಿಗೂ ಕೊಡುವುದು ಬೇಡ. ನಮ್ಮ ಕಡೆಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೂ ಬೂಸ್ಟು ಹಿಡಿಯುತ್ತದೆ. ಬಿಸಿಲಿರುವಾಗ ತೆಗೆದು ಗಾಳಿಗಿಟ್ಟು, ಒಂದೊಂದು ಪುಟದ ಫೋಟೋ ತೆಗೆಸಿ. ಅದರಲ್ಲಿ ಬೇರೆಯವರ ಮನೆಯ ಸಾಲದ ವಿಷಯ ಇರುತ್ತದೆ, ಗುಂಪಿನಲ್ಲಿ ಹಾಕಬೇಡಿ.

ಬೀಗದ ವಿಷಯವನ್ನೂ ಹೇಳಿ. ಮಕ್ಕಳಿಗೆ ಗೊತ್ತಾಗುತ್ತದೆ.

ಕದ್ರಿಗೆ ವಾಪಸ್ ಬಂದವ
ಕ್ಷಮಿಸಿ, ನೇರವಾಗಿ ಹೇಳುತ್ತೇನೆ. ಫೋನಿನಲ್ಲಿ ಸಂಸ್ಕಾರ ಬರುವುದಿಲ್ಲ. ಹದಿನೆಂಟು ವರ್ಷ ದುಬೈಯಲ್ಲಿದ್ದೆ, ಮಕ್ಕಳನ್ನು ಕಟ್ಟಿಕೊಂಡು ಬಂದುಬಿಟ್ಟೆ. ಅಪ್ಪ ಒಬ್ಬರೇ ಮನೆಯಲ್ಲಿದ್ದಾರೆ, ನೀವು ಪುಸ್ತಕದ ಫೋಟೋ ಬಗ್ಗೆ ಕೇಳುತ್ತಿದ್ದೀರಿ. ಊರಿಗೆ ಬನ್ನಿ. ಅಮ್ಮ ಬಿಟ್ಟುಹೋದ ಕೆಲಸ ಮುಂದುವರಿಸಿ. ಅದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಯಾವುದು?

ಕುಂದಾಪುರದವಳು, ಡಬ್ಲಿನ್
ಅಣ್ಣ, ಅವರು ಕೇಳಿದ್ದು ವಾಪಸ್ ಬರಬೇಕಾ ಅಂತ ಅಲ್ವಲ್ಲ? ಮಗುವಿಗೆ ಏನು ಹೇಳಲಿ ಅಂತ ಕೇಳಿದ್ದು. ದುಬೈಯಿಂದ ಬರುವುದು ಬೇರೆ. ಇಲ್ಲಿ ಮನೆ ಸಾಲ ಇದೆ, ಮಕ್ಕಳ ಪಾಸ್‌ಪೋರ್ಟ್ ಬೇರೆ ದೇಶದ್ದು.

ಕದ್ರಿಗೆ ವಾಪಸ್ ಬಂದವ
ಸಾಲ ಎಲ್ಲರಿಗೂ ಇರುತ್ತದೆ ತಂಗಿ. ಮನಸ್ಸು ಬೇಕು.

ಕೊಡಿಯಾಲಬೈಲಿನವ, ನ್ಯೂಜೆರ್ಸಿ
ಮನಸ್ಸಿಲ್ಲದೆ ನಾವು ಇಲ್ಲಿ ಮೂವತ್ತು ವರ್ಷದಿಂದ ರಾಜ್ಯೋತ್ಸವ ಮಾಡುತ್ತಿದ್ದೇವಾ? ಈ ಮಾತು ನನಗೆ ನೋವಾಯ್ತು.

ಬ್ರಹ್ಮಾವರ, ಟೊರೊಂಟೊ
ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ನನ್ನ ಅಮ್ಮ ಅಂಗನವಾಡಿಯಲ್ಲಿದ್ದರು. ಮಧ್ಯಾಹ್ನ ಮಕ್ಕಳು ಮಲಗಿದಾಗ ಅವರ ಉಗುರು ಕತ್ತರಿಸುತ್ತಿದ್ದರು. ಅದು ಯಾವ ಲೆಕ್ಕದಲ್ಲೂ ಬರದ ಕೆಲಸ. ಹೋದ ವರ್ಷ ಕೊನೆಯ ಸಲ ಫೋನ್ ಮಾಡಿದಾಗ ಮೀಟಿಂಗ್ ಇದೆ, ಆಮೇಲೆ ಮಾಡುತ್ತೇನೆ ಅಂದಿದ್ದೆ. ಅವರ ಒಂದು ಧ್ವನಿಯೂ ನನ್ನ ಹತ್ತಿರ ಇಲ್ಲ. ಮೆಲ್ಬೋರ್ನ್ ಅಕ್ಕ ಹೇಳಿದ್ದನ್ನು ಇವತ್ತೇ ಮಾಡಿ.

ಕದ್ರಿಗೆ ವಾಪಸ್ ಬಂದವ
ನೋಡಿ, ನಾನು ಹೇಳಿದ್ದೂ ಅದೇ ಅಲ್ವಾ. ದೂರ ಇದ್ದರೆ ಕೊನೆಗೆ ಇದೇ ಉಳಿಯುವುದು.

ಕಟಪಾಡಿಯ ಮಗಳು, ಲಂಡನ್
ದಯವಿಟ್ಟು ಜಗಳ ಬೇಡ. ಅಪ್ಪನನ್ನು ಕರೆದೆ, ಅವರು ಬರುವುದಿಲ್ಲ ಅಂದರು. ಹೋಗುವ ವಿಷಯ ನಾವು ಮನೆಯಲ್ಲಿ ದಿನಾ ಮಾತಾಡುತ್ತೇವೆ, ಅದು ಇಲ್ಲಿ ಮುಗಿಯುವುದಲ್ಲ.

ಅಕ್ಕ, ನೀವು ಹೇಳಿದ ಹಾಗೆ ನಿನ್ನೆ ಫೋನ್ ಮಾಡಿದೆವು. ಅಮ್ಮನ ಜೊತೆ ಹೂ ಕಟ್ಟುತ್ತಿದ್ದವರು. ಎತ್ತಿದ ಕೂಡಲೇ ಮಗಳಿಗೆ "ಒಣಸ್ ಆಂಡಾ?" ಅಂತ ಕೇಳಿದರು. ಊಟ ಆಯ್ತಾ ಅನ್ನುವುದಕ್ಕೆ ಅವಳಿಗೆ ತುಳು ಗೊತ್ತು, ಅಜ್ಜಿ ಕಲಿಸಿದ್ದು ಅದೊಂದೇ. "ಆಂಡ್" ಅಂದಳು. ಅವರು ಅತ್ತುಬಿಟ್ಟರು. ಆಮೇಲೆ ಹೇಳಿದರು, ಅವರ ಹೆರಿಗೆಯ ರಾತ್ರಿ ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮನೆಯಲ್ಲಿ ನನ್ನ ಹುಡುಗಿಗೆ ಜ್ವರ, ನನ್ನ ಹುಡುಗಿಗೆ ಜ್ವರ ಅಂತ ಬೆಳಗಿನವರೆಗೂ ಹೇಳುತ್ತಿದ್ದಳಂತೆ. ಮೊದಲ ಬಸ್ಸಿಗೆ ಓಡಿದಳಂತೆ.

ಮಗಳು ಫೋನ್ ಇಟ್ಟ ಮೇಲೆ, "ಅಮ್ಮ, ಆ ಹುಡುಗಿ ನೀನಾ?" ಅಂತ ಕೇಳಿದಳು.

ಫೋಟೋ ತೆಗೆಯುವಾಗ ಪುಟಗಳನ್ನು ವರ್ಷದ ಪ್ರಕಾರ ಇಡುವುದಾ, ಜನರ ಹೆಸರಿನ ಪ್ರಕಾರ ಇಡುವುದಾ? ಅಪ್ಪ ನಾಳೆ ಪೆಟ್ಟಿಗೆ ತೆರೆಯುತ್ತಾರೆ.

ಮಣಿಪಾಲದ ಅಕ್ಕ, ಮೆಲ್ಬೋರ್ನ್
ವರ್ಷದ ಪ್ರಕಾರ. ಪೆಟ್ಟಿಗೆಯಲ್ಲಿ ಸೀರೆ ಇದ್ದರೆ ಒಗೆಸಬೇಡಿ ಅಂತ ಅಪ್ಪನಿಗೆ ಹೇಳಿ.