ಕೆಲಸದ ಒತ್ತಡ, ಬರ್ನ್‌ಔಟ್: ಭಾನುವಾರ ಸಂಜೆಯ ಪ್ರಶ್ನೋತ್ತರ

ಅಡ್ಮಿನ್: ಕೆಲಸದ ಒತ್ತಡದ ಬಗ್ಗೆ ನಮ್ಮ ಗುಂಪಿನ ಮನೋವೈದ್ಯರು ಇವತ್ತು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಚೀಟಿ ಬರ್ಕೊಡಿ ಅಂತ ಕೇಳ್ಬೇಡಿ. ಫಾರ್ವರ್ಡ್ ಹಾಕ್ಬೇಡಿ.

ಕೋರಮಂಗಲ ಟೆಸ್ಟರ್: ಸರ್, ಭಾನುವಾರ ಸಂಜೆ ಆಯ್ತು ಅಂದ್ರೆ ಹೊಟ್ಟೆ ಕಿವುಚುತ್ತೆ. ಲ್ಯಾಪ್‌ಟಾಪ್ ಟಣ್ ಅಂದ್ರೆ ಎದೆ ಡವಡವ. ಮುಂಚೆ ಇಷ್ಟಪಟ್ಟು ಮಾಡ್ತಿದ್ದ ಕೆಲಸ, ಈಗ ಏನಾದ್ರೂ ಹಾಳಾಗಿ ಹೋಗ್ಲಿ ಅನ್ಸುತ್ತೆ. ಇದು ಬರ್ನ್‌ಔಟಾ, ಡಿಪ್ರೆಶನ್ನಾ?

ಡಾಕ್ಟರ್: ಬರ್ನ್‌ಔಟ್ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಪಟ್ಟಿ ಐಸಿಡಿ-11ರಲ್ಲಿ ಅದು ಉದ್ಯೋಗಕ್ಕೆ ಅಂಟಿಕೊಂಡ ಸ್ಥಿತಿ ಅಂತಷ್ಟೇ ಇದೆ. ಬಿಡದ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನೋ ಭಾವನೆ, ಈ ಮೂರು ಸೇರಿದ್ರೆ ಹಾಗಂತೀವಿ. ರಜೆ ಹಾಕಿ ಊರಿಗೆ ಹೋದಾಗ ಊಟ ರುಚಿಸುತ್ತಾ? ಸ್ನೇಹಿತರ ಜೊತೆ ನಗು ಬರುತ್ತಾ? ಬರುತ್ತೆ ಅಂದ್ರೆ ಬದಲಾಗಬೇಕಿರೋದು ಬಹುಶಃ ಕೆಲಸ. ಅಲ್ಲೂ ಏನೂ ಬೇಡ ಅನ್ನಿಸ್ತಿದ್ರೆ, ಅದು ಎರಡು ವಾರ ದಾಟಿದ್ರೆ, ಡಿಪ್ರೆಶನ್ ಇದೆಯಾ ಅಂತ ತೋರಿಸಿಕೊಳ್ಳಿ. ಅದಕ್ಕೆ ಚಿಕಿತ್ಸೆ ಇದೆ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಗಲಿ. ಒತ್ತಡ ಅಂತ ಬಂದವರಲ್ಲಿ ಥೈರಾಯ್ಡ್ ಸಿಕ್ಕಿದ್ದೂ ಉಂಟು.

ಹುಬ್ಬಳ್ಳಿ ರಾತ್ರಿಪಾಳಿ: ಸರ, ನಾ ನರ್ಸ್ ಇದ್ದೀನ್ರಿ. ನೈಟ್ ಡ್ಯೂಟಿ ಮುಗಿಸಿ ಬಂದ್ರ ಹಗಲಿ ನಿದ್ದಿ ಹತ್ತಂಗಿಲ್ಲ. ಆಲ್‌ಪ್ರಜೋಲಾಮ್ ಅಂತ ನಿದ್ದಿ ಗುಳಿಗಿ ತಗೊಳಾಕತ್ತೀನಿ. ಮೊದ್ಲ ಒಂದು ಸಾಕಾಗ್ತಿತ್ತು, ಈಗ ಎರಡು ಬೇಕು. ನಾಳಿಂದ ಬಿಟ್ಟಬಿಡ್ಲೇನ್ರಿ?

ಡಾಕ್ಟರ್: ಒಮ್ಮೆಲೇ ಬಿಡಬೇಡಿ. ಫಿಟ್ಸ್ ಬರಬಹುದು. ವೈದ್ಯರು ಪ್ರಮಾಣ ವಾರಗಟ್ಟಲೆ ಮೆಲ್ಲಗೆ ಇಳಿಸ್ತಾರೆ, ಈ ವಾರವೇ ಹೋಗಿ. ಬೆಳಿಗ್ಗೆ ಡ್ಯೂಟಿಯಿಂದ ಬರುವಾಗ ಕಪ್ಪು ಕನ್ನಡಕ ಹಾಕಿ, ಮಲಗೋ ಕೋಣೆ ಕತ್ತಲಿರಲಿ, ಪಾಳಿಯ ಕೊನೆ ನಾಲ್ಕೈದು ಗಂಟೆ ಚಹಾ ಬೇಡ.

ಬಸವನಗುಡಿ ಅಂಕಲ್: ಇಂಗ್ಲಿಷ್ ಮಾತ್ರೆ ಯಾಕೆ? ಒಂದು ಇಡೀ ಜಾಯಿಕಾಯಿ ತೇಯ್ದು ಬಿಸಿ ಹಾಲಿಗೆ ಹಾಕಿ 21 ರಾತ್ರಿ ಕುಡಿದ್ರೆ ಒತ್ತಡ ಮಾಯ. ಹತ್ತು ಜನಕ್ಕೆ ಕಳಿಸಿ. 🙏

ಡಾಕ್ಟರ್: ಯಾರಿಗೂ ಕಳಿಸಬೇಡಿ. ಪಾಯಸಕ್ಕೆ ಚಿಟಿಕೆ ಸರಿ. ಇಡೀ ಜಾಯಿಕಾಯಿ ಅಂದ್ರೆ ವಿಷದ ಪ್ರಮಾಣ: ಎದೆಬಡಿತ ಏರುತ್ತೆ, ಬಾಯಿ ಒಣಗುತ್ತೆ, ಇಲ್ಲದ್ದು ಕಾಣಿಸುತ್ತೆ.

ಮಂಡ್ಯ ಗೌಡ್ರು: ಅಶ್ವಗಂಧ ತಗೋಬೋದಾ?

ಡಾಕ್ಟರ್: ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ತಗೊಳ್ತಿದ್ರೆ ನಿಮ್ಮ ವೈದ್ಯರನ್ನ ಕೇಳದೆ ಬೇಡ. ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ.

ನಿವೃತ್ತ ಮೇಷ್ಟ್ರು: ನಮ್ಮಪ್ಪ ಗದ್ದೇಲಿ ಸೂರ್ಯ ಹುಟ್ಟೋಕೆ ಮುಂಚೆ ಇಳಿದ್ರೆ ಕತ್ತಲಾದ ಮೇಲೆ ಮನೆಗೆ ಬರೋರು. ಯಾವ ಬರ್ನ್‌ಔಟೂ ಇರ್ಲಿಲ್ಲ. ನಾರಾಯಣ ಮೂರ್ತಿ ವಾರಕ್ಕೆ 70 ಗಂಟೆ ದುಡೀರಿ ಅಂದಿದ್ದಕ್ಕೆ ಎಷ್ಟು ಅರಚಾಟ!

ಕೋರಮಂಗಲ ಟೆಸ್ಟರ್: ಮೇಷ್ಟ್ರೇ, ರಾತ್ರಿ ಹನ್ನೊಂದಕ್ಕೆ ನಿಮ್ಮಪ್ಪನಿಗೆ ಎತ್ತು ಮೆಸೇಜ್ ಹಾಕ್ತಿತ್ತಾ?

ನಿವೃತ್ತ ಮೇಷ್ಟ್ರು: ಹಿರಿಯರ ಹತ್ರ ಮಾತಾಡೋ ರೀತಿನಾ ಇದು?

ಯೂನಿಯನ್ ಹುಡುಗ: 2024ರಲ್ಲಿ ಐಟಿಯವರನ್ನ ದಿನಕ್ಕೆ 14 ಗಂಟೆವರೆಗೆ ದುಡಿಸೋ ತಿದ್ದುಪಡಿ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳೀತು. ಮನೇಲಿ ಕೂತು 70 ಗಂಟೆ ಅನ್ನೋದು ಸುಲಭ.

ಡಾಕ್ಟರ್: ಜಗಳದ ಮಧ್ಯೆ ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜೊತೆಯಾಗಿ ಹೇಳಿದ್ದು: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35ರಷ್ಟು ಹೆಚ್ಚು.

ಹೆಸರು ಬೇಡ: ನನ್ನ ತಮ್ಮ ಬ್ಯಾಂಕಿನಲ್ಲಿ ಆಫೀಸರ್. ಠೇವಣಿ ಟಾರ್ಗೆಟ್ ಸಾಲದು ಅಂತ ಈಗ ಇನ್ಶೂರೆನ್ಸ್ ಟಾರ್ಗೆಟ್ ಬೇರೆ. ದಿನಾ ಸಂಜೆ ಕಾಲ್‌ನಲ್ಲಿ ಎಲ್ಲರೆದುರು ಬೈಸಿಕೊಳ್ತಾನೆ. ಎರಡು ತಿಂಗಳಿಂದ ಊಟ ನಿದ್ದೆ ಸರಿಯಿಲ್ಲ. ನಿನ್ನೆ ಬಂದು ಪಾಸ್‌ಬುಕ್, ಪಾಲಿಸಿ ಎಲ್ಲ ನನ್ನ ಕೈಗೆ ಕೊಟ್ಟು 'ಇನ್ಮೇಲೆ ನಿಮಗ್ಯಾರಿಗೂ ನನ್ನಿಂದ ತೊಂದ್ರೆ ಇರಲ್ಲ' ಅಂದ. ಇವತ್ತು ತುಂಬಾ ಸಮಾಧಾನವಾಗಿದ್ದಾನೆ. ಕೆಲಸ ಬಿಡೋಕೆ ನಿರ್ಧಾರ ಮಾಡಿರಬೇಕು ಅಲ್ವಾ?

ಡಾಕ್ಟರ್: ಉಳಿದವರು ಕಾಯಿರಿ. ಹಾಗಂದುಕೊಂಡು ಸುಮ್ಮನಿರಬೇಡಿ. ಕಾಗದಪತ್ರ ಒಪ್ಪಿಸೋದು, ತಾನು ಹೊರೆ ಅನ್ನೋ ಮಾತು, ಆಮೇಲೆ ಇದ್ದಕ್ಕಿದ್ದ ಹಾಗೆ ಸಮಾಧಾನ, ಈ ಮೂರು ಒಟ್ಟಿಗೆ ಬಂದ್ರೆ ನಾನು ಅದನ್ನ ತುರ್ತು ಅಂತಲೇ ನೋಡ್ತೀನಿ. ಈಗಲೇ ಅವರ ಹತ್ರ ಹೋಗಿ, ಒಬ್ಬರೇ ಇರೋಕೆ ಬಿಡಬೇಡಿ. ನೇರವಾಗಿ ಕೇಳಿ: 'ಸಾಯೋ ಯೋಚನೆ ಬರ್ತಿದೆಯಾ?' ಕೇಳಿದ್ರೆ ಇಲ್ಲದ ಯೋಚನೆ ತಲೇಲಿ ತುಂಬುತ್ತೆ ಅನ್ನೋದು ಸುಳ್ಳು. ಕೇಳಿದಾಗ ಎಷ್ಟೋ ಜನಕ್ಕೆ ಹಗುರಾಗುತ್ತೆ. ಹೌದು ಅಂದ್ರೆ ಬುದ್ಧಿ ಹೇಳಬೇಡಿ, ಮಕ್ಕಳ ಮುಖ ನೋಡು ಅನ್ನಬೇಡಿ. ಮೊದಲೇ ತಾನು ತಪ್ಪಿತಸ್ಥ ಅಂತ ಕೂತಿರೋರಿಗೆ ಅದು ಇನ್ನೊಂದು ಹೊರೆ. ಸುಮ್ಮನೆ ಕೇಳಿಸಿಕೊಳ್ಳಿ. ಮನೆಯಲ್ಲಿ ಅಪಾಯ ಆಗುವಂಥದ್ದು ಏನಿದ್ರೂ ಬೇರೆಯವರ ಮನೆಗೆ ಸಾಗಿಸಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಅವರು 'ಇಲ್ಲ' ಅಂದ್ರೂ ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರ್ತಾರೆ, ರಾತ್ರಿಯಾದ್ರೆ ಎಮರ್ಜೆನ್ಸಿ. ಬೆಂಗಳೂರಲ್ಲಿದ್ರೆ ನಿಮ್ಹಾನ್ಸ್ ತುರ್ತು ವಿಭಾಗ. ಮಂಗಳವಾರ ತಾಲೂಕು ಆಸ್ಪತ್ರೆಗೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಡಾಕ್ಟರ್ ಬರ್ತಾರೆ ಅಂತ ಕಾಯಬೇಡಿ. ರಾಜೀನಾಮೆ ಮಾತು ಈಗ ಬೇಡ, ಮೆಡಿಕಲ್ ಲೀವ್ ಸಾಕು. ಮಾತ್ರೆ ಶುರುವಾದ್ರೂ ಅದರ ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ಅಷ್ಟು ದಿನ ಯಾರಾದ್ರೂ ಜೊತೆಗಿರಬೇಕು. ಎಲ್ಲಿದ್ದೀರಿ? ಇಲ್ಲಿ ಬೇಡ, ನನಗೆ ಮೆಸೇಜ್ ಮಾಡಿ.

ಬಸವನಗುಡಿ ಅಂಕಲ್: ಪ್ರಾಣಾಯಾಮ ಮಾಡ್ಸಿ. ನೆಗೆಟಿವ್ ಯೋಚನೆ ಬರಲ್ಲ.

ಡಾಕ್ಟರ್: ಅಂಕಲ್, ದಯವಿಟ್ಟು ಇಲ್ಲಿ ಸುಮ್ಮನಿರಿ.

ಡೆಲಿವರಿ ಹುಡ್ಗ: ನಮಗೆ ಲೀವೇ ಇಲ್ಲ ಸರ್. ಲಾಗಿನ್ ಆಗ್ದಿದ್ರೆ ಇನ್ಸೆಂಟಿವ್ ಹೋಗುತ್ತೆ. ನಾವೇನ್ ಮಾಡೋದು?

ನಿವೃತ್ತ ಮೇಷ್ಟ್ರು: ಬ್ಯಾಂಕ್ ಕೆಲಸ ಸಿಗದೆ ಎಷ್ಟು ಜನ ಕಾಯ್ತಿದ್ದಾರೆ. ಸಿಕ್ಕಿದವರಿಗೆ ಬೆಲೆ ಗೊತ್ತಿಲ್ಲ.

ಹುಬ್ಬಳ್ಳಿ ರಾತ್ರಿಪಾಳಿ: ಮೇಷ್ಟ್ರ, ಅಲ್ಲೊಬ್ರು ತಮ್ಮನ ಜೀವದ ಮಾತ ಆಡಾಕತ್ತಾರ. ಬಾಯಿ ಮುಚ್ಚರಿ.

ಅಡ್ಮಿನ್: ಭಾಷೆ ನೋಡ್ಕೊಳ್ಳಿ, ಇಬ್ಬರಿಗೂ ಹೇಳ್ತಿರೋದು.

ಯೂನಿಯನ್ ಹುಡುಗ: ಇಬ್ಬರಿಗೂ ಯಾಕೆ? ತಪ್ಪು ಯಾರದು ಅಂತ ಕಾಣಲ್ವಾ?

ಜಯನಗರದಿಂದ: ಎಚ್‌ಆರ್‌ಗೆ ಹೇಳಿದ್ರೆ ಪ್ರಮೋಷನ್‌ಗೆ ಕಲ್ಲು ಬೀಳುತ್ತಾ ಸರ್?

ತುಮಕೂರು ಅಕೌಂಟೆಂಟ್: ಮನೋವೈದ್ಯರ ಖರ್ಚಿಗೆ ಇನ್ಶೂರೆನ್ಸ್ ಬರುತ್ತಾ?

ಡಾಕ್ಟರ್: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಅಡ್ಮಿಟ್ ಆಗದೆ ಬರೀ ತೋರಿಸಿಕೊಂಡು ಬಂದ್ರೆ ಬಹಳಷ್ಟು ಪಾಲಿಸಿಗಳು ಕೊಡಲ್ಲ. ನಿಮ್ಮ ಪಾಲಿಸಿ ಓದಿ.

ಹೆಸರು ಬೇಡ: ಸರ್, ಕೇಳಿದೆ. ಹೌದು ಅಂದ. 14416ರವರ ಹತ್ರ ಅವನೇ ಮಾತಾಡಿದ. ಆಸ್ಪತ್ರೆಗೆ ಹೊರಟಿದ್ದೀವಿ, ಭಾವನೂ ಜೊತೆಗಿದ್ದಾರೆ.

ಡಾಕ್ಟರ್: ಸರಿ. ಕಾರಲ್ಲಿ ಅವರ ಪಕ್ಕದಲ್ಲೇ ಕೂತ್ಕೊಳ್ಳಿ. ತಲುಪಿದ ಮೇಲೆ ಅಲ್ಲಿಯ ಡಾಕ್ಟರ್ ಕೈಗೆ ಫೋನ್ ಕೊಡಿ, ನಾನು ಮಾತಾಡ್ತೀನಿ.

ಚನ್ನಪಟ್ಟಣ: ಸರ್ ಅಶ್ವಗಂಧ ಒಳ್ಳೇದಾ?

ಡಾಕ್ಟರ್: ಮೇಲೆ ಓದಿ.

ಚನ್ನಪಟ್ಟಣ: ಅದು ಚೂರ್ಣಕ್ಕೆ ಹೇಳಿದ್ದಲ್ವಾ, ನಾನ್ ಕೇಳ್ತಿರೋದು ಕ್ಯಾಪ್ಸೂಲ್.

ಕೋರಮಂಗಲ ಟೆಸ್ಟರ್: ಸರ್, ಬಿ12 ರಿಪೋರ್ಟ್ ಹೋದ ತಿಂಗಳದ್ದೇ ಇದೆ. ಫೋಟೋ ಹಾಕಿದ್ದೀನಿ, ನೋಡಿ.

ಡಾಕ್ಟರ್: ಅದರಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಎಲ್ಲ ಇದೆ. ಅಳಿಸಿ. ನನಗೆ ಫೋನ್ ಬರ್ತಿದೆ, ಇವತ್ತಿಗೆ ಸಾಕು.

ಬಸವನಗುಡಿ ಅಂಕಲ್: ಬಿ12ಗೆ ನುಗ್ಗೆಸೊಪ್ಪಿನ ಕಷಾಯ. ವಿಡಿಯೋ ಹಾಕ್ತೀನಿ ಇರಿ.